ಕಂಡದ್ದು ಮತ್ತು ಕಂಡವರು: ಗೋಥಿಕ್ ಕಥೆಗಳು ತೆರೆಗೆ ಬಂದಾಗ

ಗೋಥಿಕ್ ಭಯಕಥೆಗಳಿಗೂ ಸಿನಿಮಾಕ್ಕೂ ನಂಟು ಬೆಳೆದದ್ದು ಸಿನಿಮಾ ಮಾತು ಕಲಿಯುವ ಮೊದಲೇ. ಅಮೆರಿಕದ ಎಡಿಸನ್ ಕಂಪನಿ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು 1910ರಲ್ಲಿ ಪುಟ್ಟದೊಂದು ಮೂಕಿ ಚಿತ್ರವಾಗಿ ತೆಗೆಯಿತು. 1922ರಲ್ಲಿ ಜರ್ಮನಿಯ ಎಫ್. ಡಬ್ಲ್ಯೂ. ಮುರ್ನೌ, ಬ್ರಾಮ್ ಸ್ಟೋಕರನ 'ಡ್ರಾಕುಲಾ'ದ ಹೆಸರು ಕುಲಗಳನ್ನೆಲ್ಲ ಬದಲಿಸಿ 'ನೊಸ್ಫೆರಾಟು' ಮಾಡಿದ. 1931ರ ಒಂದೇ ವರ್ಷದಲ್ಲಿ ಹಾಲಿವುಡ್ಡಿನಿಂದ 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್', 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಮೂರೂ ಹೊರಬಂದವು. ಅಲ್ಲಿಂದ 2025ರ ಗಿಯೆರ್ಮೊ ಡೆಲ್ ಟೊರೊನ 'ಫ್ರಾಂಕೆನ್‌ಸ್ಟೈನ್'ವರೆಗೆ ಈ ಸರಣಿ ಕಡಿದಿಲ್ಲ. ಪ್ರತಿ ಹೊಸ ಚಿತ್ರಕ್ಕೂ ವಿಮರ್ಶಕರು, ಓದುಗರು, ಕೊನೆಗೆ ನಿರ್ಮಾಪಕರ ಪ್ರಚಾರ ವಿಭಾಗದವರು ಕೂಡ ಹಿಡಿಯುವ ಅಳತೆಗೋಲು ಒಂದೇ: ಇದು ಮೂಲಕ್ಕೆ ಎಷ್ಟು ನಿಷ್ಠವಾಗಿದೆ? ಅಳತೆಗೋಲು ಮೇಲ್ನೋಟಕ್ಕೆ ನೆಟ್ಟಗೇ ಕಾಣುತ್ತದೆ. ಆದರೆ ಗೋಥಿಕ್ ಕಥೆಗಳ ಮಟ್ಟಿಗೆ ಅದು ಅಳೆಯಬೇಕಾದುದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತದೆ.

ಮೂಲನಿಷ್ಠೆಯ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಮಂಡಿಸುವುದಾದರೆ ಹೀಗೆ. ಈ ಕೃತಿಗಳು ನೂರು, ಇನ್ನೂರು ವರ್ಷ ಬಾಳಿರುವುದು ಅವುಗಳ ಕಟ್ಟು ಗಟ್ಟಿಯಾಗಿರುವುದರಿಂದ. ಸಿನಿಮಾದವರು ಆ ಕಟ್ಟನ್ನು ಕೆಡಿಸಿದಾಗಲೆಲ್ಲ ಕೃತಿ ಬಡವಾಗಿದೆ. ಮೇರಿ ಶೆಲ್ಲಿಯ ಜೀವಿ ಡಿ ಲೇಸಿ ಎಂಬ ಕುಟುಂಬವನ್ನು ಗೋಡೆಯ ಸಂದಿನಿಂದ ನೋಡುತ್ತ ಭಾಷೆ ಕಲಿಯುತ್ತದೆ, ಮಿಲ್ಟನ್ ಮತ್ತು ಪ್ಲುಟಾರ್ಕರನ್ನು ಓದುತ್ತದೆ, ಹಿಮನದಿಯ ಮೇಲೆ ತನ್ನ ಸೃಷ್ಟಿಕರ್ತನೆದುರು ನಿಂತು ವಕೀಲನಂತೆ ವಾದ ಹೂಡುತ್ತದೆ. 1931ರ ಜೇಮ್ಸ್ ವೇಲ್‌ನ ಚಿತ್ರದಲ್ಲಿ ಬೋರಿಸ್ ಕಾರ್ಲೋಫ್ ಹೂಂಕರಿಸುತ್ತಾನೆ, ಅಷ್ಟೆ. ಇನ್ನೂ ದೊಡ್ಡ ಅಪರಾಧವೆಂದರೆ, ಆ ಚಿತ್ರದಲ್ಲಿ ಸಹಾಯಕನೊಬ್ಬ ಒಳ್ಳೆಯ ಮಿದುಳಿನ ಜಾಡಿಯನ್ನು ಕೈಜಾರಿಸಿ, ಅಪರಾಧಿಯ ಮಿದುಳನ್ನು ಕದ್ದು ತರುತ್ತಾನೆ. ಕಾದಂಬರಿಯಲ್ಲಿ ಜೀವಿ ಕೆಡುವುದು ಹುಟ್ಟಿಸಿದವನೇ ಕೈಬಿಟ್ಟದ್ದರಿಂದ. ಚಿತ್ರದಲ್ಲಿ ಅದು ಕೆಟ್ಟ ಮಿದುಳಿನ ಫಲವಾಗಿಬಿಡುತ್ತದೆ. ಜವಾಬ್ದಾರಿಯ ಪ್ರಶ್ನೆ ಬಿಡಿಭಾಗದ ದೋಷಕ್ಕೆ ಇಳಿಯುತ್ತದೆ. ಹೀಗಾಗಿ ಕಾದಂಬರಿಯನ್ನು ಓದದ ಕೋಟ್ಯಂತರ ಜನ ವಿಜ್ಞಾನಿಯ ಹೆಸರನ್ನು ಜೀವಿಗೆ ಅಂಟಿಸಿ, ಅದರ ಕತ್ತಿಗೊಂದು ಬೋಲ್ಟು ತೊಡಿಸಿ, ಇದೇ ಮೂಲವೆಂದು ನಂಬಿದ್ದಾರೆ. ಆದ್ದರಿಂದ ಮೂಲಕ್ಕೆ ಹತ್ತಿರವಾದಷ್ಟೂ ರೂಪಾಂತರ ಒಳ್ಳೆಯದು, ದೂರವಾದಷ್ಟೂ ಕೆಟ್ಟದ್ದು.

ಈ ವಾದದಲ್ಲಿ ಹುರುಳಿದೆ. ಮಿದುಳಿನ ಜಾಡಿಯ ಕುರಿತ ಆಕ್ಷೇಪವನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ಆ ಆಕ್ಷೇಪದ ಬಲ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಚಿತ್ರ ಬದಲಾವಣೆ ಮಾಡಿತು ಎಂಬುದರಿಂದ ಬರುವುದಿಲ್ಲ. ಆ ಬದಲಾವಣೆ ಕಥೆಯ ನೈತಿಕ ಗಂಟನ್ನು ಬಿಚ್ಚಿ ಎಸೆಯಿತು ಎಂಬುದರಿಂದ ಬರುತ್ತದೆ. ಅದೇ ಚಿತ್ರದ ಇನ್ನೊಂದು ಬದಲಾವಣೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕತ್ತಲೆಯಲ್ಲಿಟ್ಟಿದ್ದ ಜೀವಿಯನ್ನು ಕೂರಿಸಿ ಫ್ರಾಂಕೆನ್‌ಸ್ಟೈನ್ ಛಾವಣಿಯ ಬೆಳಕಿಂಡಿ ತೆರೆಯುತ್ತಾನೆ. ಬೆಳಕು ಮುಖದ ಮೇಲೆ ಬೀಳುತ್ತದೆ. ಕಾರ್ಲೋಫ್ ನಿಧಾನವಾಗಿ ಎದ್ದು ನಿಂತು, ತಲೆಯೆತ್ತಿ, ಎರಡೂ ಕೈ ಚಾಚಿ ಬೆಳಕನ್ನು ಹಿಡಿಯಲು ನೋಡುತ್ತಾನೆ. ಬೆಳಕಿಂಡಿ ಮುಚ್ಚಿಕೊಳ್ಳುತ್ತದೆ, ಕೈಗಳು ಸೃಷ್ಟಿಕರ್ತನ ಕಡೆಗೆ, ಬೇಡುವ ಭಂಗಿಯಲ್ಲಿ ತಿರುಗುತ್ತವೆ. ಕಾದಂಬರಿಯಲ್ಲಿ ಈ ಘಟನೆಯೇ ಇಲ್ಲ. ಆದರೆ ಲೋಕಕ್ಕೆ ಹೊಸದಾಗಿ ಕಣ್ಣುಬಿಟ್ಟ ಜೀವಿಯೊಂದರ ಬೆರಗನ್ನೂ, ಅದು ಅನಾಥವಾಗುವ ಕ್ಷಣವನ್ನೂ ಶೆಲ್ಲಿ ಪುಟಗಟ್ಟಲೆ ಬರೆದದ್ದು ಇಲ್ಲಿ ಅರೆನಿಮಿಷದಲ್ಲಿ ಮಾತಿಲ್ಲದೆ ಬಂದಿದೆ. ಒಂದೇ ಚಿತ್ರ ಒಂದು ಕಡೆ ಮೂಲಕ್ಕೆ ದ್ರೋಹ ಬಗೆದಿದೆ, ಇನ್ನೊಂದು ಕಡೆ ಅದರ ಹೃದಯವನ್ನೇ ಮುಟ್ಟಿದೆ. ಎರಡು ಕಡೆಯೂ ಘಟನೆ ಸ್ವಂತದ್ದೇ. ಘಟನೆಗಳನ್ನು ಎಣಿಸುವ ನಿಷ್ಠೆಗೆ ಈ ಎರಡರ ನಡುವಿನ ಅಂತರ ಕಾಣುವುದಿಲ್ಲ.

ಇನ್ನು, ನಿಷ್ಠೆ ಯಾವ ಮೂಲಕ್ಕೆ ಎಂಬ ಪ್ರಶ್ನೆ. 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಬಂತು. 1831ರಲ್ಲಿ ಆಕೆಯೇ ತಿದ್ದಿದ ಆವೃತ್ತಿ ಬಂತು. ಮೊದಲನೆಯದರಲ್ಲಿ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ನ ಸೋದರ ಸಂಬಂಧಿಯಾಗಿದ್ದ ಎಲಿಜಬೆತ್ ಎರಡನೆಯದರಲ್ಲಿ ಸಾಕಿಕೊಂಡ ಅನಾಥೆಯಾದಳು. ವಿಕ್ಟರನ ಕೃತ್ಯದಲ್ಲಿ ಅವನ ಆಯ್ಕೆಗಿಂತ ವಿಧಿಯ ಕೈ ಹೆಚ್ಚು ಕಾಣತೊಡಗಿತು. ಎರಡೂ ಮೂಲವೇ. ಜೀವಿಯ ಬಾಯಿ ಕಟ್ಟಿದವರು ಹಾಲಿವುಡ್ಡಿನವರು ಎಂಬುದೂ ಇತಿಹಾಸದ ಅರಿವಿಲ್ಲದ ಮಾತು. 1823ರಲ್ಲೇ ಲಂಡನ್ನಿನ ಇಂಗ್ಲಿಷ್ ಆಪೆರಾ ಹೌಸಿನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್‌ನ 'ಪ್ರಿಸಂಪ್ಷನ್' ನಾಟಕ ಈ ಕಾದಂಬರಿಯನ್ನು ರಂಗಕ್ಕೆ ತಂದಿತ್ತು. ಅದರಲ್ಲಿ ಜೀವಿ ಮೂಕ; ಫ್ರಿಟ್ಜ್ ಎಂಬ ಸಹಾಯಕ ಹುಟ್ಟಿದ್ದೂ ಅಲ್ಲೇ. ಕಾರ್ಲೋಫ್‌ಗೆ 108 ವರ್ಷ ಮೊದಲಿನ ಮಾತಿದು. ಮೇರಿ ಶೆಲ್ಲಿ ಸ್ವತಃ ಹೋಗಿ ಆ ನಾಟಕ ನೋಡಿದಳು. ಜೀವಿಯ ಪಾತ್ರ ಮಾಡಿದ ಟಿ. ಪಿ. ಕುಕ್, ಕಿವಿಗೆ ಬಿದ್ದ ಸದ್ದನ್ನು ಕೈಯಿಂದ ಹಿಡಿಯಲು ಹವಣಿಸಿದ ಬಗೆ ಆಕೆಗೆ ಮೆಚ್ಚುಗೆಯಾಯಿತೆಂದು ಆಕೆಯ ಪತ್ರದಿಂದ ತಿಳಿಯುತ್ತದೆ. ಸದ್ದನ್ನು ಹಿಡಿಯಹೋದ ಕುಕ್‌ಗೂ ಬೆಳಕನ್ನು ಹಿಡಿಯಹೋದ ಕಾರ್ಲೋಫ್‌ಗೂ ದೂರವೇನಿಲ್ಲ. ಮೂಲದ ಲೇಖಕಿಯೇ ಒಪ್ಪಿದ ಬದಲಾವಣೆಯನ್ನು ಮೂಲದ ಹೆಸರಿನಲ್ಲಿ ಖಂಡಿಸುವುದು ವಿಚಿತ್ರ. ಡ್ರಾಕುಲಾನ ಕಥೆಯೂ ಇದೇ. ಸ್ಟೋಕರನ ಕೌಂಟ್ ಉದ್ದನೆಯ ಬಿಳಿ ಮೀಸೆಯ, ಅಂಗೈಯಲ್ಲಿ ಕೂದಲಿರುವ ಮುದುಕ. ಸಂಜೆಯುಡುಪು, ದೊಡ್ಡ ಕಾಲರಿನ ಮೇಲಂಗಿ ತೊಟ್ಟ ಸಭ್ಯಸ್ಥ ಬಂದದ್ದು 1920ರ ದಶಕದ ರಂಗಭೂಮಿಯಿಂದ. ಬೆಲಾ ಲುಗೋಸಿ 1927ರಲ್ಲಿ ಬ್ರಾಡ್‌ವೇಯಲ್ಲಿ ಆ ವೇಷ ಹಾಕಿ, 1931ರಲ್ಲಿ ಅದನ್ನೇ ಕ್ಯಾಮೆರಾದ ಮುಂದೆ ತಂದ. ವೇಲ್‌ನ ಚಿತ್ರಕ್ಕೂ ಹತ್ತಿರದ ಆಧಾರ ಪೆಗ್ಗಿ ವೆಬ್ಲಿಂಗ್‌ಳ ನಾಟಕ. ಪುಸ್ತಕದಿಂದ ಪರದೆಗೆ ನೇರ ರಸ್ತೆಯೊಂದಿತ್ತು, ಸಿನಿಮಾದವರು ಅಡ್ಡದಾರಿ ಹಿಡಿದರು ಎಂಬ ಚಿತ್ರಣವೇ ಕಾಲ್ಪನಿಕ.

ಒಂದು ಮೂಲವನ್ನು ಆರಿಸಿಕೊಂಡರೂ, ಅದರ ಯಾವ ಅಂಶಕ್ಕೆ ನಿಷ್ಠೆ ಎಂಬುದು ಉಳಿಯುತ್ತದೆ. ಘಟನಾವಳಿ, ಪಾತ್ರ, ಮನೋಭಾವ, ನಿರೂಪಣೆಯ ವಿಧಾನ ಇವೆಲ್ಲ ಒಟ್ಟಿಗೆ ಸಾಗಿದರೆ ತೊಂದರೆಯಿಲ್ಲ. ಸಾಮಾನ್ಯವಾಗಿ ಒಂದನ್ನು ಉಳಿಸಿದರೆ ಇನ್ನೊಂದು ಕಳಚುತ್ತದೆ. ಫ್ರಾನ್ಸಿಸ್ ಫೋರ್ಡ್ ಕೊಪೊಲಾ 1992ರಲ್ಲಿ ತನ್ನ ಚಿತ್ರಕ್ಕೆ 'ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ' ಎಂದೇ ಹೆಸರಿಟ್ಟ. ಲೂಸಿಯ ಮೂವರು ಪ್ರೇಮಿಗಳು, ದಿನಚರಿಗಳು, ಡಾಕ್ಟರ್ ಸೀವರ್ಡ್‌ನ ಫೋನೋಗ್ರಾಫ್, ಕೊನೆಯ ಬೆನ್ನಟ್ಟುವಿಕೆ ಎಲ್ಲವೂ ಅದರಲ್ಲಿವೆ. ಆದರೆ ಅದು ತೆರೆದುಕೊಳ್ಳುವುದು 1462ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಡ್ರಾಕುಲಾನ ದುಃಖದಿಂದ. ಮುಂದೆ ಕಥಾನಾಯಕಿ ಮಿನಾ ಆ ಹೆಂಡತಿಯ ಮರುಜನ್ಮವಾಗುತ್ತಾಳೆ. ಸ್ಟೋಕರನಲ್ಲಿ ಇದರ ಸುಳಿವೂ ಇಲ್ಲ. ಅವನ ಕೌಂಟ್ ಮೊದಲ ನಾಲ್ಕು ಅಧ್ಯಾಯ ದಾಟಿದ ಮೇಲೆ ಬಹುಪಾಲು ಕಣ್ಮರೆಯಾಗಿಯೇ ಇರುತ್ತಾನೆ. ಅವನ ಮನಸ್ಸಿನೊಳಗೆ ಓದುಗನಿಗೆ ಪ್ರವೇಶವೇ ಇಲ್ಲ. ಹಲವರ ದಿನಚರಿಗಳಿಂದ ಕಟ್ಟಿದ ಆ ಪುಸ್ತಕದಲ್ಲಿ ಅವನ ದಿನಚರಿ ಇಲ್ಲ. ಕೊಪೊಲಾ ಘಟನೆಗಳನ್ನು ಉಳಿಸಿ ಆ ಬಾಗಿಲನ್ನು ತೆರೆದುಬಿಟ್ಟ. ಸೊಗಸಾದ ಪ್ರೇಮಕಥೆ ಸಿಕ್ಕಿತು, ಭಯ ಹೊರಟುಹೋಯಿತು. 1994ರಲ್ಲಿ ಕೆನೆತ್ ಬ್ರಾನಾ 'ಮೇರಿ ಶೆಲ್ಲೀಸ್ ಫ್ರಾಂಕೆನ್‌ಸ್ಟೈನ್' ಎಂದು ಲೇಖಕಿಯ ಹೆಸರನ್ನೇ ತಲೆಯ ಮೇಲೆ ಹೊತ್ತ ಚಿತ್ರ ಮಾಡಿದಾಗಲೂ, ಸತ್ತ ಎಲಿಜಬೆತಳನ್ನು ಹೊಲಿದು ಎಬ್ಬಿಸುವ ಸ್ವಂತ ದೃಶ್ಯವನ್ನು ಸೇರಿಸದೆ ಬಿಡಲಿಲ್ಲ. ಬಹಳ ಮಂದಿ ಅತ್ಯಂತ ನಿಷ್ಠವೆಂದು ಹೊಗಳುವ 1977ರ ಬಿಬಿಸಿ 'ಕೌಂಟ್ ಡ್ರಾಕುಲಾ' ಕೂಡ ಮಿನಾ ಮತ್ತು ಲೂಸಿಯರನ್ನು ಅಕ್ಕತಂಗಿಯರನ್ನಾಗಿಸಿದೆ, ಆರ್ಥರ್ ಮತ್ತು ಕ್ವಿನ್ಸಿ ಎಂಬಿಬ್ಬರನ್ನು ಬೆಸೆದು ಒಬ್ಬನನ್ನಾಗಿಸಿದೆ. ಶೀರ್ಷಿಕೆಯಲ್ಲಿ ಲೇಖಕರ ಹೆಸರಿದ್ದ ಮಾತ್ರಕ್ಕೆ ಲೇಖಕರು ಒಳಗಿರುತ್ತಾರೆಂಬ ಭರವಸೆಯಿಲ್ಲ.

ಹಾಗಾದರೆ ಗೋಥಿಕ್ ಕಥೆಯಲ್ಲಿ ಉಳಿಸಿಕೊಳ್ಳಲೇಬೇಕಾದದ್ದು ಯಾವುದು? ಉತ್ತರ ಈ ಪ್ರಕಾರದ ಹುಟ್ಟಿನಲ್ಲೇ ಇದೆ. ಹೊರೇಸ್ ವಾಲ್ಪೋಲ್‌ನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರ ಕೊನೆಗೆ ಬಂದಾಗ ಅದರ ಮೇಲೆ ಅವನ ಹೆಸರಿರಲಿಲ್ಲ. ಉತ್ತರ ಇಂಗ್ಲೆಂಡಿನ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ಸಿಕ್ಕ, 1529ರಲ್ಲಿ ಇಟಲಿಯಲ್ಲಿ ಅಚ್ಚಾದ ಪುಸ್ತಕದ ಅನುವಾದವಿದು ಎಂದು ಮುನ್ನುಡಿ ಸುಳ್ಳು ಹೇಳಿತ್ತು. ಎರಡನೆಯ ಮುದ್ರಣದಲ್ಲಿ ವಾಲ್ಪೋಲ್ ನಿಜ ಒಪ್ಪಿಕೊಂಡ. ಆದರೆ ಆ ಸುಳ್ಳು ಬರಿಯ ಚೇಷ್ಟೆಯಾಗಿ ಉಳಿಯಲಿಲ್ಲ. ಮುಂದಿನ ನೂರೈವತ್ತು ವರ್ಷ ಗೋಥಿಕ್ ಬರಹಗಾರರ ಮುಖ್ಯ ಉಪಕರಣವೇ ಆಯಿತು. 'ಫ್ರಾಂಕೆನ್‌ಸ್ಟೈನ್'ನಲ್ಲಿ ಧ್ರುವಪ್ರದೇಶದ ನಾವಿಕ ವಾಲ್ಟನ್ ಸೋದರಿಗೆ ಬರೆದ ಪತ್ರದೊಳಗೆ ವಿಕ್ಟರನ ಕಥೆ, ಅದರೊಳಗೆ ಜೀವಿಯ ಕಥೆ. 1886ರ 'ಜೆಕಿಲ್ ಮತ್ತು ಹೈಡ್'ನ ಹತ್ತು ಅಧ್ಯಾಯಗಳಲ್ಲಿ ಕೊನೆಯ ಎರಡು ಲಕೋಟೆಯಿಂದ ಹೊರಬಂದ ಕಾಗದಗಳು. ಹೆನ್ರಿ ಜೇಮ್ಸ್‌ನ 1898ರ 'ದಿ ಟರ್ನ್ ಆಫ್ ದಿ ಸ್ಕ್ರೂ'ದಲ್ಲಿ ಸತ್ತು ಇಪ್ಪತ್ತು ವರ್ಷವಾದ ಶಿಕ್ಷಕಿಯೊಬ್ಬಳ ಹಸ್ತಪ್ರತಿಯನ್ನು ಬೇರೊಬ್ಬ ಓದುತ್ತಾನೆ, ಮತ್ತೊಬ್ಬ ನಕಲು ಮಾಡಿಕೊಂಡಿದ್ದಾನೆ. 1897ರ 'ಡ್ರಾಕುಲಾ' ದಿನಚರಿ, ಪತ್ರ, ತಂತಿ, ಹಡಗಿನ ದಾಖಲೆ, ಪತ್ರಿಕಾ ವರದಿಗಳ ಕಡತ. ಕೌಂಟ್ ಹಸ್ತಪ್ರತಿಯನ್ನೂ ಫೋನೋಗ್ರಾಫಿನ ಕೊಳವೆಗಳನ್ನೂ ಸುಟ್ಟುಹಾಕುವುದರಿಂದ, ಕೊನೆಗೆ ಉಳಿಯುವುದು ಬಹುಪಾಲು ಮಿನಾ ಬೆರಳಚ್ಚು ಮಾಡಿದ ಪ್ರತಿ. ಅಸಲು ದಾಖಲೆ ಹೆಚ್ಚುಕಡಿಮೆ ಒಂದೂ ತಮ್ಮಲ್ಲಿಲ್ಲವೆಂದು ಕಥೆಯ ಜನರೇ ಒಪ್ಪಿಕೊಳ್ಳುತ್ತಾರೆ. ಮೂಲ ಮೂಲ ಎಂದು ಹಟ ಹಿಡಿಯುವವರು ಈ ಪುಟವನ್ನೊಮ್ಮೆ ನೋಡುವುದು ಒಳ್ಳೆಯದು.

ಈ ಕಾಗದಪತ್ರಗಳ ಕೆಲಸ ಒಂದೇ: ನಂಬಲಾಗದ್ದನ್ನು ಕಂಡವರು ಯಾರು, ಅವರನ್ನು ಎಷ್ಟು ನಂಬಬಹುದು ಎಂಬುದನ್ನು ಸದಾ ಕಣ್ಮುಂದೆ ಇಡುವುದು. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ಉಪಯುಕ್ತ. ಭಯಾನಕ ರಸಕ್ಕೆ ಭಯ ಹುಟ್ಟಿಸುವ ವಸ್ತು, ಅಂದರೆ ಆಲಂಬನ, ಇದ್ದರಷ್ಟೇ ಸಾಲದು. ಆ ಭಯ ಯಾರಲ್ಲಿ ನೆಲೆಸುತ್ತದೋ ಆ ಆಶ್ರಯವೂ ಬೇಕು. ನಡುಕ, ಮುಖದ ಬಣ್ಣಗೆಡುವುದು, ಸ್ವರ ಒಡೆಯುವುದು ಇವೆಲ್ಲ ಆ ಆಶ್ರಯದ ಮೈಮೇಲೆ ಕಾಣುವ ಅನುಭಾವಗಳು. ಗೋಥಿಕ್ ಕೃತಿ ಆಲಂಬನವನ್ನು ಎಷ್ಟು ಬೇಕಾದರೂ ಮರೆಯಲ್ಲಿಡುತ್ತದೆ, ಆಶ್ರಯವನ್ನು ಮಾತ್ರ ಒಂದು ಕ್ಷಣವೂ ಬಿಟ್ಟುಕೊಡುವುದಿಲ್ಲ. ಸಿನಿಮಾ ಎಡವುವುದು ಇಲ್ಲೇ. ಪುಟದ ಮೇಲೆ ದಿನಚರಿ ಬರೆದವಳು ಹೇಳಿದ್ದು ಅವಳ ಹೇಳಿಕೆಯಾಗಿಯೇ ಉಳಿಯುತ್ತದೆ. ಪರದೆಯ ಮೇಲೆ ಕ್ಯಾಮೆರಾ ತೋರಿಸಿದ್ದು, ವಾಡಿಕೆಯ ಪ್ರಕಾರ, ಅಲ್ಲಿದೆ ಎಂದೇ ಲೆಕ್ಕ. ಕ್ಯಾಮೆರಾಕ್ಕೆ ಹುಚ್ಚು ಹಿಡಿಯುವುದಿಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯನ್ನು ಪ್ರೇಕ್ಷಕ ಟಿಕೆಟ್ಟಿನ ಜೊತೆಗೇ ಕೊಂಡಿರುತ್ತಾನೆ. ಕಾದಂಬರಿಯ ಘಟನೆಗಳನ್ನು ಒಂದೂ ಬಿಡದೆ ಚಿತ್ರೀಕರಿಸಿದರೆ ಸಾಕ್ಷಿಯ ಹೇಳಿಕೆಗಳೆಲ್ಲ ಸಾಬೀತಾದ ಸತ್ಯಗಳಾಗುತ್ತವೆ. ಅಂದರೆ ಅತಿನಿಷ್ಠೆಯೇ ಇಲ್ಲಿ ಅನಿಷ್ಠೆಯಾಗುವ ಅಪಾಯವಿದೆ.

ಜೇಮ್ಸ್‌ನ ಕಥೆ ಇದಕ್ಕೆ ಅತ್ಯಂತ ಕಠಿಣ ಪರೀಕ್ಷೆ. ಬ್ಲೈ ಎಂಬ ಒಂಟಿ ಬಂಗಲೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ತರುಣಿಗೆ ಸತ್ತ ಆಳು ಪೀಟರ್ ಕ್ವಿಂಟ್, ಸತ್ತ ಶಿಕ್ಷಕಿ ಮಿಸ್ ಜೆಸೆಲ್ ಕಾಣಿಸಿಕೊಳ್ಳುತ್ತಾರೆ. ಕಂಡೆನೆಂದು ಹೇಳುವವಳು ಅವಳೊಬ್ಬಳೇ. ಪ್ರೇತಗಳು ನಿಜವೋ ಅವಳ ಮನಸ್ಸಿನ ಸೃಷ್ಟಿಯೋ ಎಂಬ ವಾದ 1934ರಲ್ಲಿ ಎಡ್ಮಂಡ್ ವಿಲ್ಸನ್ ಬರೆದ ಪ್ರಬಂಧದಿಂದ ಬಿಸಿಯೇರಿದ್ದು ಇನ್ನೂ ಆರಿಲ್ಲ. ಇದನ್ನು ಪರದೆಗೆ ತರುವುದು ಹೇಗೆ? ಪ್ರೇತವನ್ನು ತೋರಿಸಿದರೆ ಅದು ನಿಜವಾಗುತ್ತದೆ. ತೋರಿಸದಿದ್ದರೆ ಅವಳು ಹುಚ್ಚಿಯಾಗುತ್ತಾಳೆ. 1961ರ 'ದಿ ಇನೊಸೆಂಟ್ಸ್'ನಲ್ಲಿ ನಿರ್ದೇಶಕ ಜ್ಯಾಕ್ ಕ್ಲೇಟನ್ ಕಂಡುಕೊಂಡ ದಾರಿ ಬಹಳ ಸರಳ, ಅಷ್ಟೇ ಚಾಣಾಕ್ಷ. ಪ್ರೇತವನ್ನು ತೋರಿಸುತ್ತಾನೆ, ಆದರೆ ಮೊದಲು ಡೆಬೊರಾ ಕರ್‌ಳ ಮುಖ ತೋರಿಸುತ್ತಾನೆ. ಅವಳ ಕಣ್ಣು ಅರಳುತ್ತದೆ, ಉಸಿರು ಹಿಡಿಯುತ್ತದೆ, ಆಮೇಲೆ ಅವಳು ನೋಡುತ್ತಿರುವುದು ಪರದೆಗೆ ಬರುತ್ತದೆ. ಸಾಮಾನ್ಯ ಭಯಚಿತ್ರದಲ್ಲಿ ಕ್ರಮ ತಿರುಗುಮುರುಗು: ಪ್ರೇಕ್ಷಕ ಮೊದಲು ಕಾಣುತ್ತಾನೆ, ಪಾತ್ರ ಆಮೇಲೆ ಬೆಚ್ಚುತ್ತದೆ. ಈ ಚಿಕ್ಕ ಅದಲುಬದಲಿನಿಂದ ಪ್ರೇತ ಮುಖದಿಂದ ಹುಟ್ಟಿತೋ, ಮುಖ ಪ್ರೇತಕ್ಕೆ ಬೆದರಿತೋ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ನಿರ್ಮಾಣ ಸಂಸ್ಥೆ ಹೇರಿದ ಅಗಲವಾದ ಸಿನಿಮಾಸ್ಕೋಪ್ ಚೌಕಟ್ಟಿನ ಎರಡೂ ಅಂಚುಗಳನ್ನು ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಬಣ್ಣ ಬಳಿದ ಫಿಲ್ಟರುಗಳಿಂದ ಕತ್ತಲಾಗಿಸಿದ. ನಡುವಿನ ಬೆಳಕಿನ ಕೊಳದಲ್ಲಿ ಅವಳೊಬ್ಬಳೇ ಇರುವಂತಾಯಿತು. ಇನ್ನೊಂದು ದೃಶ್ಯದಲ್ಲಿ ಮಕ್ಕಳ ಓದುಕೋಣೆಯ ಮೇಜಿನೆದುರು ಮಿಸ್ ಜೆಸೆಲ್ ಕೂತು ಅಳುತ್ತಿರುತ್ತಾಳೆ. ಶಿಕ್ಷಕಿ ಹತ್ತಿರ ಹೋದಾಗ ಯಾರೂ ಇಲ್ಲ; ಒಂದು ಹನಿ ಕಣ್ಣೀರು ಮಾತ್ರ ಬಿದ್ದಿದೆ, ಅವಳು ಅದನ್ನು ಬೆರಳಿಂದ ಮುಟ್ಟುತ್ತಾಳೆ. ಇದು ಪ್ರೇತಕ್ಕೆ ಪುರಾವೆಯೇ? ಮುಟ್ಟಿದವಳೂ ಅವಳೇ. ಕಥೆಯ ಶಿಕ್ಷಕಿಗೆ ಇಪ್ಪತ್ತು ವರ್ಷ, ಕರ್‌ಗೆ ಆಗ ನಲವತ್ತರ ಆಸುಪಾಸು. ಹಸ್ತಪ್ರತಿಯನ್ನು ಓದುವ ಪೀಠಿಕೆಯನ್ನು ಚಿತ್ರ ಕೈಬಿಟ್ಟಿದೆ. ಅದು ಆಧರಿಸಿರುವುದು ವಿಲಿಯಂ ಆರ್ಚಿಬಾಲ್ಡ್‌ನ 1950ರ ನಾಟಕವನ್ನು. ಪಟ್ಟಿ ಮಾಡುವವರಿಗೆ ತಪ್ಪುಗಳು ಸಾಕಷ್ಟು ಸಿಗುತ್ತವೆ. ಜೇಮ್ಸ್‌ಗೆ ಇದಕ್ಕಿಂತ ಹತ್ತಿರ ಬಂದ ಚಿತ್ರವನ್ನು ತೋರಿಸುವುದು ಮಾತ್ರ ಕಷ್ಟ.

'ಜೆಕಿಲ್ ಮತ್ತು ಹೈಡ್' ಬೇರೆ ಬಗೆಯ ತೊಡಕು. ಅದರ ಲೇಖಕ ಸ್ಟೀವನ್‌ಸನ್‌ನ ಮೊದಲ ಓದುಗರಿಗೆ ಅವರಿಬ್ಬರೂ ಒಬ್ಬನೇ ಎಂಬುದು ಕೊನೆಯಲ್ಲಿ ಬಿಚ್ಚಿಕೊಳ್ಳುವ ಗುಟ್ಟಾಗಿತ್ತು. ವಕೀಲ ಅಟರ್‌ಸನ್ ಪತ್ತೇದಾರನಂತೆ ಅದರ ಬೆನ್ನು ಹತ್ತುತ್ತಾನೆ. ಇಂದು ಆ ಜೋಡಿ ಹೆಸರೇ ಗುಟ್ಟನ್ನು ಹೊತ್ತು ತಿರುಗುತ್ತಿದೆ. ಘಟನಾಕ್ರಮಕ್ಕೆ ನಿಷ್ಠವಾಗಿ ಗುಟ್ಟನ್ನು ಕಾಯ್ದುಕೊಳ್ಳುವ ಚಿತ್ರ, ಎಲ್ಲರೂ ಬಲ್ಲ ಒಗಟನ್ನು ಗಂಭೀರವಾಗಿ ಕೇಳಿದಂತಾಗುತ್ತದೆ. 1931ರಲ್ಲಿ ರೂಬೆನ್ ಮಾಮೂಲಿಯನ್ ವಕೀಲನನ್ನು ಮೂಲೆಗೆ ಸರಿಸಿ ಚಿತ್ರವನ್ನು ಜೆಕಿಲ್‌ನ ಕಣ್ಣಿನೊಳಗಿಂದಲೇ ಶುರುಮಾಡಿದ: ಆರ್ಗನ್ ನುಡಿಸುತ್ತಿರುವ ಎರಡು ಕೈ, ಟೋಪಿ ಕೊಡುವ ಆಳು, ಕನ್ನಡಿಯಲ್ಲಿ ಮೊದಲ ಬಾರಿಗೆ ಕಾಣುವ ಮುಖ. ಕಾದಂಬರಿಯ ಕೊನೆಯಲ್ಲಿರುವ 'ನಾನು' ಇಲ್ಲಿ ಮೊದಲಿಗೆ ಬಂದು ಪ್ರೇಕ್ಷಕನನ್ನೇ ಆ ದೇಹದೊಳಗೆ ಕೂರಿಸಿತು. ಗುಟ್ಟು ಹೋಯಿತು, ಸಾಕ್ಷಿ ಉಳಿದ.

ಇಲ್ಲಿ ಒಂದು ಆಕ್ಷೇಪ ಸಹಜ. ಸಾಕ್ಷಿಯೇ ಮುಖ್ಯ, ಭೂತವಲ್ಲ ಎಂದಾದರೆ, ಏನನ್ನೂ ತೋರಿಸದಿರುವುದೇ ಉತ್ತಮ ಎಂದಂತಾಗಲಿಲ್ಲವೇ? ಮೂಲನಿಷ್ಠೆಯ ಬೆನ್ನಿಗೇ ಹುಟ್ಟಿದ ಇನ್ನೊಂದು ಜನಪ್ರಿಯ ನಂಬಿಕೆಯಿದು: ಕಾಣದ್ದೇ ಹೆಚ್ಚು ಭಯಂಕರ. ಗೋಥಿಕ್ ಕಾದಂಬರಿಕಾರ್ತಿ ಆನ್ ರ‍್ಯಾಡ್‌ಕ್ಲಿಫ್‌ಳ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧವೊಂದು ಇದಕ್ಕೆ ಹಳೆಯ ಆಧಾರ. ಆಪತ್ತಿನ ಮಸುಕು ಸುಳಿವಿನಿಂದ ಮನಸ್ಸು ಹಿಗ್ಗಿ ಎಚ್ಚರಗೊಳ್ಳುವ ಭೀತಿ ಒಂದು, ಕಣ್ಣೆದುರಿನ ಘೋರಕ್ಕೆ ಮನಸ್ಸು ಮುದುಡಿ ಮರಗಟ್ಟುವ ಸ್ಥಿತಿ ಇನ್ನೊಂದು ಎಂದು ಆಕೆ ಭೇದ ಮಾಡಿದ್ದಳು. ಭಯಾನಕಕ್ಕೂ ಬೀಭತ್ಸಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಉದಾಹರಣೆಗೆ ಶರ್ಲಿ ಜ್ಯಾಕ್ಸನ್‌ಳ 1959ರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಕಾದಂಬರಿಯ ಎರಡು ಚಿತ್ರಗಳನ್ನು ಎದುರುಬದುರು ನಿಲ್ಲಿಸುವುದು ವಾಡಿಕೆ. 1963ರ ರಾಬರ್ಟ್ ವೈಸ್‌ನ ಚಿತ್ರದಲ್ಲಿ ಬಾಗಿಲ ಮೇಲೆ ಬಡಿತ ಕೇಳುತ್ತದೆ, ಮರದ ಬಾಗಿಲು ಒಳಕ್ಕೆ ಉಬ್ಬುತ್ತದೆ, ಯಾರೂ ಕಾಣುವುದಿಲ್ಲ. 1999ರ ಯಾನ್ ಡಿ ಬಾಂಟ್‌ನ ಚಿತ್ರದಲ್ಲಿ ಕಂಪ್ಯೂಟರ್ ಪ್ರೇತಗಳು ಗೋಡೆ, ಪರದೆ, ಕೆತ್ತನೆಗಳಿಂದೆಲ್ಲ ಏಳುತ್ತವೆ, ಯಾರಿಗೂ ಭಯವಾಗುವುದಿಲ್ಲ. ತೀರ್ಪು ಸರಿ, ಅದರಿಂದ ಎಳೆದ ನಿಯಮ ತಪ್ಪು. ಗೋಥಿಕ್ ಸಾಹಿತ್ಯ ತೋರಿಸಲು ಎಂದೂ ನಾಚಿಲ್ಲ. ಕೌಂಟ್ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯಂತೆ ಇಳಿಯುವುದನ್ನು ಕೋಟೆಗೆ ಬಂದಿದ್ದ ಹಾರ್ಕರ್ ಕಿಟಕಿಯಿಂದ ಕಾಣುತ್ತಾನೆ. ಶವಪೆಟ್ಟಿಗೆಯಲ್ಲಿ ಲೂಸಿಯ ಎದೆಗೆ ಗೂಟ ಹೊಡೆಯುವುದನ್ನು ಸ್ಟೋಕರ್ ವಿವರ ವಿವರವಾಗಿ ಬರೆದಿದ್ದಾನೆ. 'ನೊಸ್ಫೆರಾಟು'ದಲ್ಲಿ ಮ್ಯಾಕ್ಸ್ ಶ್ರೆಕ್‌ನ ಬೋಳುತಲೆ, ಇಲಿಹಲ್ಲು, ಕೊಕ್ಕೆಯುಗುರುಗಳನ್ನು ಮುರ್ನೌ ನಿಸ್ಸಂಕೋಚವಾಗಿ ತೋರಿಸಿದ, ನೂರು ವರ್ಷದಿಂದ ಜನ ಬೆಚ್ಚುತ್ತಲೇ ಇದ್ದಾರೆ. 1999ರ ಚಿತ್ರ ಸೋತದ್ದು ತೋರಿಸಿದ್ದಕ್ಕಲ್ಲ, ಎಲ್ಲರಿಗೂ ತೋರಿಸಿದ್ದಕ್ಕೆ. ಜ್ಯಾಕ್ಸನ್‌ಳ ಎಲಿನರ್ ಕತ್ತಲಲ್ಲಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದಿರುತ್ತಾಳೆ. ದೀಪ ಹೊತ್ತಿದಾಗ ಆ ಕೈ ಗೆಳತಿಯದಲ್ಲವೆಂದು ತಿಳಿಯುತ್ತದೆ. ಆ ಕೈಯ ಅನುಭವ ಅವಳದೊಬ್ಬಳದೇ ಆಗಿರುವುದರಿಂದಲೇ ಅದು ಭಯಂಕರ. ಪ್ರೇತವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕಂಡಾಗ ಎಲಿನರ್ ಒಂಟಿಯಲ್ಲ. ಆಮೇಲೆ ಉಳಿಯುವುದು ಓಡುವ ಕೆಲಸ ಮಾತ್ರ. ತಮಾಷೆಯೆಂದರೆ ಅದೇ 1999ರಲ್ಲಿ ಬಿಡುಗಡೆಯಾದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್', ಯಾವ ಕಾದಂಬರಿಯ ರೂಪಾಂತರವೂ ಅಲ್ಲದೆ, ಕಾಣೆಯಾದವರ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರಸುರುಳಿ ಇದು ಎಂಬ ನೆಪ ಹೂಡಿ ವಾಲ್ಪೋಲ್‌ನ ಹಳೆಯ ಸುಳ್ಳನ್ನು ಹೊಸ ಸರಕಿನಲ್ಲಿ ಮತ್ತೆ ಹೇಳಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ನಿಷ್ಠೆಯ ಅಳತೆಗೋಲನ್ನು ಮುರಿದರೆ ಯಾರು ಏನು ಮಾಡಿದರೂ ನಡೆಯುತ್ತದಲ್ಲ? ನಡೆಯುವುದಿಲ್ಲ. ಅದರ ಜಾಗದಲ್ಲಿ ಬೇರೆ ಪ್ರಶ್ನೆಗಳಿವೆ, ಅವು ಹೆಚ್ಚು ನಿಷ್ಠುರವಾದವು.

1. ಮೂಲದಲ್ಲಿ ಕಂಡವರು ಯಾರು, ಚಿತ್ರದಲ್ಲಿ ಆ ಸ್ಥಾನ ಯಾರದು? ಕಥೆಗಾರ ಪೋನ 1839ರ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್'ನಲ್ಲಿ ನಿರೂಪಕ ಆ ಮನೆಯ ಒಡೆಯ ರಾಡ್ರಿಕ್ ಅಷರ್‌ನ ಬಾಲ್ಯದ ಗೆಳೆಯ. ಅವನಿಗೆ ಆ ಮನೆಯಲ್ಲಿ ಮಾಡಲು ಕೆಲಸವೇನಿಲ್ಲ. ದಿನ ಕಳೆದಂತೆ ಗೆಳೆಯನ ಭಯ ಸೋಂಕಿನಂತೆ ಅವನಿಗೂ ಅಂಟುತ್ತದೆ. ರೋಜರ್ ಕಾರ್ಮನ್ 1960ರಲ್ಲಿ ಅವನನ್ನು ಅಷರ್‌ನ ತಂಗಿ ಮ್ಯಾಡೆಲಿನ್‌ಳ ಭಾವೀ ಪತಿಯನ್ನಾಗಿ ಬದಲಿಸಿದ. ಮನೆಯಲ್ಲಿ ಉಳಿಯಲು ಅವನಿಗೊಂದು ಕಾರಣ ಸಿಕ್ಕಿತು, ಕಥೆಗೆ ಓಟ ಬಂತು. ಆದರೆ ಕೊನೆಯವರೆಗೂ ಸಿಟ್ಟಿನಿಂದ ವಾದಿಸುವ ಈ ಯುವಕನಿಗೆ ಏನೂ ಅಂಟುವುದಿಲ್ಲ. ವಿನ್ಸೆಂಟ್ ಪ್ರೈಸ್‌ನ ರಾಡ್ರಿಕ್ ಮರೆಯಲಾಗದವನು. ಪೋನ ಕಥೆಯ ಅರ್ಧ ಮಾತ್ರ ಅಲ್ಲಿದೆ.

2. ಬದಲಾವಣೆ ಯಾವ ಸಂದೇಹವನ್ನು ಮುಚ್ಚುತ್ತದೆ, ಯಾವುದನ್ನು ತೆರೆಯುತ್ತದೆ? 'ದಿ ಇನೊಸೆಂಟ್ಸ್' ಬಂದ ವರ್ಷವೇ ತೆರೆಕಂಡ ಸತ್ಯಜಿತ್ ರಾಯ್ ಅವರ 'ತೀನ್ ಕನ್ಯಾ'ದಲ್ಲಿ ರವೀಂದ್ರನಾಥ ಠಾಕೂರರ 'ಮಣಿಹಾರಾ' ಒಂದು ಭಾಗ. ಒಡವೆಯ ಹುಚ್ಚಿನ ಹೆಂಡತಿ, ಅವಳನ್ನು ಕಳೆದುಕೊಂಡ ಫಣಿಭೂಷಣ, ಪಾಳುಬಿದ್ದ ಅವನ ಮನೆಯ ಬಳಿ ಅಪರಿಚಿತನಿಗೆ ಈ ಕಥೆ ಹೇಳುವ ಶಾಲಾಮಾಸ್ತರ. ಕೊನೆಯಲ್ಲಿ ಕೇಳುಗ, ಫಣಿಭೂಷಣ ಎಂದರೆ ತಾನೇ ಎನ್ನುತ್ತಾನೆ. ಠಾಕೂರರಲ್ಲಿ ಅವನು ಜೀವಂತ ಮನುಷ್ಯ, ತಣ್ಣಗೆ ಕಾಲೆಳೆಯುತ್ತಾನೆ. ಹೆಂಡತಿಯ ಹೆಸರೂ ಬೇರೆಯೆಂದು ತಿಳಿದು ಕಥೆಯೆಲ್ಲ ಮಾಸ್ತರನ ಕಟ್ಟುಕಥೆಯೆಂಬ ಗುಮಾನಿ ಉಳಿಯುತ್ತದೆ. ರಾಯ್ ಅವರ ಚಿತ್ರದಲ್ಲಿ ಮುಸುಕು ಹೊದ್ದ ಕೇಳುಗ ಮಾಯವಾಗುತ್ತಾನೆ. ಭೂತ ಖಚಿತವಾಯಿತು, ಬೆನ್ನಲ್ಲಿ ಚಳಿ ಮೂಡಿತು, ಠಾಕೂರರ ನಗು ನಿಂತುಹೋಯಿತು. ಮಹಾನ್ ನಿರ್ದೇಶಕರಿಗೂ ಈ ವ್ಯಾಪಾರದಲ್ಲಿ ಒಂದು ಕೊಟ್ಟೇ ಇನ್ನೊಂದು ಕೊಳ್ಳಬೇಕಾಯಿತು.

3. ಕಥೆ ದಾಟಿಬಂದ ಕೈಗಳನ್ನು ಚಿತ್ರ ಹೇಗಾದರೂ ನೆನಪಿಸುತ್ತದೆಯೇ? ಚೆಕ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ 1970ರ ದಶಕದಲ್ಲಿ 'ಒಟ್ರಾಂಟೊ'ವನ್ನು ಕಿರುಚಿತ್ರ ಮಾಡಿದಾಗ, ನಿಜವಾದ ಒಟ್ರಾಂಟೊ ಕೋಟೆ ಬೊಹೆಮಿಯಾದಲ್ಲೇ ಇದೆಯೆಂದು ವಿದ್ವಾಂಸನೊಬ್ಬ ಟಿವಿ ವರದಿಗಾರನಿಗೆ ವಿವರಿಸುವ ಹುಸಿ ಸಾಕ್ಷ್ಯಚಿತ್ರದ ರೂಪ ಕೊಟ್ಟ. ಕಥೆಯ ಭಾಗ ಕತ್ತರಿಸಿದ ಚಿತ್ರಗಳ ಅನಿಮೇಷನ್. ವಾಲ್ಪೋಲ್‌ನ ಹುಸಿ ಮುನ್ನುಡಿಗೆ ಇಷ್ಟು ಸರಿಯಾದ ಜೋಡಿ ಬೇರೊಂದಿಲ್ಲ. ಡೆಲ್ ಟೊರೊ 2025ರಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಹಡಗನ್ನು ಉಳಿಸಿಕೊಂಡು ಕಥೆಯನ್ನು ವಿಕ್ಟರ್ ಹೇಳುವ ಭಾಗ, ಜೀವಿ ಹೇಳುವ ಭಾಗ ಎಂದು ಒಡೆದ. ಕಾದಂಬರಿಯಲ್ಲಿ ಜೀವಿಯ ಆತ್ಮಕಥೆ ವಿಕ್ಟರನ ಬಾಯಿಂದ ಸೋಸಿ ಬರುತ್ತದೆ. ಚಿತ್ರದಲ್ಲಿ ಜೀವಿ ಹಡಗಿನ ಕೋಣೆಗೆ ಬಂದು ತಾನೇ ಮಾತಾಡುತ್ತದೆ. ಶತ್ರುವಿನ ಬಾಯಲ್ಲಿ ಕೇಳಿದ ಸಾಕ್ಷ್ಯವೆಂಬ ಅನುಮಾನ ಇದರಿಂದ ಕಳೆದುಹೋಯಿತು. 1823ರಿಂದ ಕಟ್ಟಿದ್ದ ಬಾಯಿ ಇಷ್ಟು ನೇರವಾಗಿ ಬಿಚ್ಚಿದ್ದಕ್ಕೆ ಅದು ತೆರಬಹುದಾದ ಬೆಲೆಯೇ.

ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ 'ನೊಸ್ಫೆರಾಟು'ದ ಸ್ಥಾನ ಬೇರೆಯೇ ಆಗುತ್ತದೆ. ಮುರ್ನೌ ಮತ್ತು ಚಿತ್ರಕಥೆಗಾರ ಹೆನ್ರಿಕ್ ಗಾಲೀನ್ ಡ್ರಾಕುಲಾನನ್ನು ಓರ್ಲೋಕ್ ಮಾಡಿದರು, ಲಂಡನ್ ಬಿಟ್ಟು ವಿಸ್ಬೋರ್ಗ್ ಎಂಬ ಜರ್ಮನ್ ಊರಿಗೆ ಹೋದರು, ಕಾಲವನ್ನು 1838ಕ್ಕೆ ತಳ್ಳಿದರು. ಸ್ಟೋಕರನ ಕೌಂಟ್ ಹಗಲಲ್ಲೂ ಲಂಡನ್ನಿನ ಬೀದಿಯಲ್ಲಿ ಓಡಾಡಬಲ್ಲ; ಅವನು ಸಾಯುವುದು ಹಾರ್ಕರನ ಗೂರ್ಖಾ ಕುಕ್ರಿ ಮತ್ತು ಕ್ವಿನ್ಸಿಯ ಚೂರಿಯಿಂದ. ಸೂರ್ಯನ ಬೆಳಕಿಗೆ ರಕ್ತಪಿಶಾಚಿ ಕರಗಿಹೋಗುತ್ತದೆ ಎಂಬ, ಇಂದು ಮಕ್ಕಳಿಗೂ ಗೊತ್ತಿರುವ ನಿಯಮ ಹುಟ್ಟಿದ್ದು ಈ ಚಿತ್ರದ ಕೊನೆಯಲ್ಲಿ. ಇಷ್ಟೆಲ್ಲ ಬದಲಿಸಿದವರು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು: ಚಿತ್ರ ಊರಿಗೆ ಬಂದ ಪಿಡುಗಿನ ವೃತ್ತಾಂತವಾಗಿ, ಬರಹಗಾರನೊಬ್ಬನ ದಾಖಲೆಯಾಗಿ ತೆರೆದುಕೊಳ್ಳುತ್ತದೆ, ಪತ್ರ, ಹಡಗಿನ ದಿನಚರಿ, ಪಿಶಾಚಿಗಳ ಕುರಿತ ಹಳೆಯ ಪುಸ್ತಕ ಒಂದಾದ ಮೇಲೊಂದು ಪರದೆ ತುಂಬುತ್ತವೆ. ಸ್ಟೋಕರನ ವಿಧವೆ ಫ್ಲಾರೆನ್ಸ್ ಅನುಮತಿ ಪಡೆಯದ ಈ ಚಿತ್ರದ ಮೇಲೆ ದಾವೆ ಹೂಡಿ ಗೆದ್ದಳು. ಹೆಸರು ಬದಲಿಸಿದ ಮಾತ್ರಕ್ಕೆ ಕೃತಿ ಬೇರೆಯಾಗದು ಎಂಬುದು ಕಾನೂನಿನ ದೃಷ್ಟಿಯಿಂದ ಸರಿಯಾದ ತೀರ್ಪೇ. ಇದು ಮೂಲದ ಆಸ್ತಿಯೋ ಅಲ್ಲವೋ ಎಂಬುದು ನ್ಯಾಯಾಲಯ ಕೇಳಬೇಕಾದ ಪ್ರಶ್ನೆ. ವಿಮರ್ಶೆ ಅದನ್ನು ಎರವಲು ತಂದು ಬಹಳ ಕಾಲ ಇಟ್ಟುಕೊಂಡಿದೆ. ನಿರ್ಮಾಣ ಸಂಸ್ಥೆ ಪ್ರಾನಾ-ಫಿಲ್ಮ್ ದಿವಾಳಿಯಾಯಿತು, 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಮಾಡುವಂತೆ ಆದೇಶವಾಯಿತು, ಹೊರದೇಶಗಳಿಗೆ ಹೋಗಿದ್ದ ಕೆಲವು ಪ್ರತಿಗಳು ಉಳಿದುಕೊಂಡವು. ಇದೇ ಚಿತ್ರವನ್ನು ವರ್ನರ್ ಹೆರ್ಜಾಗ್ 1979ರಲ್ಲಿ ಮತ್ತೆ ಮಾಡಿದ. ರಾಬರ್ಟ್ ಎಗ್ಗರ್ಸ್ 2024ರಲ್ಲಿ ಮಾಡಿದ 'ನೊಸ್ಫೆರಾಟು'ದ ಶೀರ್ಷಿಕೆಪಟ್ಟಿಯಲ್ಲಿ ಗಾಲೀನನ ಚಿತ್ರಕಥೆಗೂ ಸ್ಟೋಕರನ ಕಾದಂಬರಿಗೂ ಒಟ್ಟಿಗೇ ಋಣ ಸಂದಿದೆ.